ಸುರ್ರಣ್ಣನ ಹಲ್ಲು ಮತ್ತು ನೀಲಿ ಚುಕ್ಕಿಯ ಸಿರಿಂಜು

ಸುರ್ರಣ್ಣ ಟೀ ಹೀರಿದರೆ ಮೂರು ಬೀದಿಯಾಚೆ ಮಲಗಿದ್ದ ನಾಯಿ ಕಿವಿ ನಿಮಿರಿಸಿ ಎದ್ದು ಕೂರುತ್ತಿತ್ತು. ಸುಳ್ಳೆನ್ನುವವರು ಹೋಗಿ ಆ ನಾಯಿಯನ್ನೇ ಕೇಳಬಹುದು. ಚಮಚ ತುಟಿಗೆ ತಾಗಿದ್ದೇ ತಡ, ಸುರ್ರ್ ಎಂದು ಒಂದು ಸದ್ದು. ಆ ಸದ್ದಿಗೆ ಕಿಟಕಿಯ ಗಾಜು ಅದುರಿ, ಗೋಡೆಯ ಕ್ಯಾಲೆಂಡರ್ ಹಾಳೆ ತಾನಾಗಿ ಮಗುಚಿಕೊಂಡು ಮುಂದಿನ ತಿಂಗಳು ಬಂದುಬಿಡುತ್ತಿತ್ತು. ಟೀ ಬಾಯೊಳಗೆ ತುಂತುರಾಗಿ ಹರಡಿ, ಅಂಗುಳಕ್ಕೆ ಬಡಿದು, ಹಿಂಬಾಗಿಲಿನಿಂದ ಮೂಗಿಗೆ ಹತ್ತಿ ಇಳಿಯುವಷ್ಟರಲ್ಲಿ ಪಿಚಕ್ಕನೆ ಪೀಕದಾನಿಗೆ. ಅಷ್ಟು ಸಾಕು. ಆ ಎಲೆ ಗುಡ್ಡದ ಯಾವ ಮಗ್ಗುಲಲ್ಲಿ ಬೆಳೆದದ್ದು, ಕೊಯ್ದ ದಿನ ಮೋಡವಿತ್ತೋ ಬಿಸಿಲಿತ್ತೋ, ಒಣಗಿಸಿದವನಿಗೆ ಅಂದು ಬೆಳಿಗ್ಗೆ ಹೆಂಡತಿಯ ಜೊತೆ ಜಗಳವಾಗಿತ್ತೋ ಇಲ್ಲವೋ, ಎಲ್ಲವನ್ನೂ ಅವನು ಬಾಯೊರೆಸಿಕೊಳ್ಳುತ್ತಾ ಹೇಳಿಬಿಡುತ್ತಿದ್ದ.

ಟೀ ಕಂಪನಿಯಲ್ಲಿ ರುಚಿ ನೋಡುವುದೇ ಅವನ ಕೆಲಸ. ಅಪ್ಪ ಅಮ್ಮ ಇಟ್ಟ ಹೆಸರು ಅವನಿಗೂ ಇತ್ತು, ಆದರೆ ಅದು ಸಂಬಳದ ಚೀಟಿಯ ಮೇಲೆ ಮಾತ್ರ ಬದುಕಿತ್ತು. ಇಡೀ ಕಂಪನಿಗೆ, ಬೀದಿಗೆ, ಕೊನೆಗೆ ಹೆಂಡತಿಯ ತವರಿಗೂ ಅವನು ಸುರ್ರಣ್ಣ.

ಅವನಲ್ಲಿ ಲೋಕದಲ್ಲೇ ದೊಡ್ಡವು ಎನ್ನುವಂಥ ಎರಡು ವಸ್ತುಗಳಿದ್ದವು. ಒಂದು ನಾಲಿಗೆ, ಇನ್ನೊಂದು ಅನುಮಾನ. ಲಿಫ್ಟಿನಲ್ಲಿ ಯಾರಾದರೂ ನಮಸ್ಕಾರ ಅಂದರೆ, ಇವನಿಗೆ ನನ್ನಿಂದ ಏನಾಗಬೇಕು ಎಂದು ಆ ಇಡೀ ದಿನ ಯೋಚಿಸುತ್ತಿದ್ದ. ತರಕಾರಿಯವಳು ಒಂದು ಹಿಡಿ ಹೆಚ್ಚು ಹಾಕಿದರೆ ಮನೆಗೆ ತಂದು ಒಂದೊಂದೇ ಎಲೆಯನ್ನು ಬೆಳಕಿಗೆ ಹಿಡಿದು ನೋಡುತ್ತಿದ್ದ. ಇಂಥವನ ಬಾಯಲ್ಲಿ ಹಲ್ಲುಗಳೂ ಹಾಗೇ ಇದ್ದವು ಎನ್ನಿ, ಎಲ್ಲಕ್ಕೂ ಬೆಚ್ಚುವಂಥವು. ತಣ್ಣೀರು ಸೋಕಿದರೆ ಜುಮ್, ಗಾಳಿ ಬಡಿದರೆ ಜುಮ್, ಪಕ್ಕದ ಟೇಬಲ್ಲಿನಲ್ಲಿ ಯಾರೋ ಐಸ್‌ಕ್ರೀಮ್ ತಿಂದರೂ ಇವನ ಕೋರೆಹಲ್ಲಿನ ಬುಡದಿಂದ ನೆತ್ತಿಯವರೆಗೆ ಒಂದು ಜುಮ್. ಬಣ್ಣದ ಮಾತಂತೂ ಕೇಳಲೇಬೇಡಿ. ಅರ್ಧ ಆಯುಷ್ಯ ಟೀಯಲ್ಲಿ ನೆಂದ ಹಲ್ಲು. ಹಳೇ ಬಾಗಿಲಿನ ಚಿಲಕಕ್ಕೂ ಅಷ್ಟು ಕಂದು ಬಣ್ಣ ಬಂದಿರಲಾರದು.

ಆ ಕಂದು ಬಣ್ಣದ ಬಗ್ಗೆ ಅವನಿಗೆ ಎಂದೂ ಚಿಂತೆ ಇರಲಿಲ್ಲ. ಚಿಂತೆ ಹುಟ್ಟಿಸಿದ್ದು ಧಣಿ.

ಕಂಪನಿಯ ಹಿರಿಯ ಟೇಸ್ಟರು ನಿವೃತ್ತರಾಗುವವರಿದ್ದರು. ಕಿಟಕಿ ಪಕ್ಕದ ಎತ್ತರದ ಕುರ್ಚಿ ಖಾಲಿಯಾಗುತ್ತಿತ್ತು. ಆ ಕುರ್ಚಿಗೆ ಸುರ್ರಣ್ಣ ಕಣ್ಣು ಹಾಕಿದ್ದು ಇಂದು ನಿನ್ನೆಯಲ್ಲ, ಕೆಲಸಕ್ಕೆ ಸೇರಿದ ಮೊದಲ ದಿನವೇ ಅದರ ಮೆತ್ತೆಯನ್ನು ಒಮ್ಮೆ ಒತ್ತಿ ನೋಡಿದ್ದ. ಧಣಿ ಎಲ್ಲರನ್ನೂ ಕರೆದು ಹೇಳಿದರು: "ಮುಂದಿನ ತಿಂಗಳ ಮೊದಲ ಸೋಮವಾರ ಪರೀಕ್ಷೆ. ಹೆಸರಿಲ್ಲದ ಕಪ್ಪುಗಳನ್ನ ಸಾಲಾಗಿ ಇಡ್ತೀವಿ. ಯಾರು ಸರಿಯಾಗಿ ಗುರುತು ಹಿಡೀತಾರೋ ಕುರ್ಚಿ ಅವರದು. ಇನ್ನೊಂದು ಮಾತು. ಹೊಸ ಡಬ್ಬದ ಮೇಲೆ ಹಿರಿಯ ಟೇಸ್ಟರ ಫೋಟೊ ಹಾಕ್ತಿದೀವಿ, ನಗ್ತಾ ಇರೋದು. ಅವತ್ತೇ ಫೋಟೊದವರು ಬರ್ತಾರೆ. ಹಲ್ಲು ಗಿಲ್ಲು ಸ್ವಲ್ಪ ಬೆಳ್ಳಗೆ ಮಾಡಿಸ್ಕೊಂಡು ಬನ್ನಿ. ಜನ ಡಬ್ಬ ನೋಡಿ ಹೆದರಬಾರದು."

ಎಲ್ಲರೂ ನಕ್ಕರು. ಸುರ್ರಣ್ಣ ನಗಲಿಲ್ಲ. ನಗದೇ ಇದ್ದ ಇನ್ನೊಬ್ಬಳು ಎಡಗೈಯಮ್ಮ.

ಎಡಗೈಯಮ್ಮ ಅವನ ಎದುರಾಳಿ. ವಯಸ್ಸಿನಲ್ಲಿ ಹತ್ತು ವರ್ಷ ಚಿಕ್ಕವಳು. ಚಮಚ ಹಿಡಿಯುವುದು ಎಡಗೈಯಲ್ಲಿ, ಹೀರುವುದು ಬೆಕ್ಕು ಹಾಲು ಕುಡಿದಂತೆ, ಸದ್ದೇ ಇಲ್ಲ. ಸದ್ದಿಲ್ಲದೆ ಹೀರುವವರನ್ನು ಸುರ್ರಣ್ಣ ಎಂದೂ ನಂಬುತ್ತಿರಲಿಲ್ಲ. ಈಗ ಅವಳು ನಗಲಿಲ್ಲ ಎನ್ನುವುದನ್ನು ಗಮನಿಸಿ ತನ್ನಷ್ಟಕ್ಕೆ ಅಂದುಕೊಂಡ: ಹಲ್ಲು ಬಿಳಿ ಮಾಡಿಸುವ ಐಡಿಯಾ ಧಣಿಯ ಕಿವಿಗೆ ಊದಿದವಳು ಇವಳೇ. ನನ್ನ ಹಲ್ಲು ಜುಮ್ಮೆನ್ನುತ್ತದೆ ಅಂತ ಇವಳಿಗೆ ಗೊತ್ತು. ಬಿಳಿ ಮಾಡಿಸಿದರೆ ಬಿಸಿ ಟೀ ಹೀರಲಾರೆ. ಮಾಡಿಸದಿದ್ದರೆ ಡಬ್ಬದ ಮೇಲೆ ಬರಲಾರೆ. ಎರಡು ಬಾಗಿಲಿಗೂ ಬೀಗ ಹಾಕಿಬಿಟ್ಟಳಲ್ಲ.

ಮನೆಯಲ್ಲಿ ಹೆಂಡತಿ ವಿಷಯ ಕೇಳಿ, ಕುಕ್ಕರಿನ ಮುಚ್ಚಳ ತಿರುಗಿಸುತ್ತಾ ಅಂದಳು: "ಅದಕ್ಯಾಕ್ರೀ ಇಷ್ಟು ಮುಖ ಊದಿಸ್ಕೊಂಡಿದೀರಿ. ನನ್ನ ತಮ್ಮ ಇದಾನಲ್ಲ."

ತಮ್ಮ ಇದ್ದ, ಅದೇ ತೊಂದರೆ. ಅವಳ ತಮ್ಮ ಹಲ್ಲಿನ ಡಾಕ್ಟರು. ಎರಡು ಬೀದಿ ದಾಟಿದರೆ ಅವನ ಕ್ಲಿನಿಕ್ಕು. ಆದರೂ ಮದುವೆಯಾದಾಗಿನಿಂದ ಸುರ್ರಣ್ಣ ಆ ಕ್ಲಿನಿಕ್ಕಿನ ಮೆಟ್ಟಿಲು ಹತ್ತಿರಲಿಲ್ಲ. ಕಾರಣ ಇಡೀ ನೆಂಟರ ಬಳಗಕ್ಕೇ ಗೊತ್ತು. ಮದುವೆಯಾದ ಹೊಸತರಲ್ಲಿ ಹೆಂಡತಿಯ ತವರಿಗೆ ಹೋದಾಗ, ಆಗಿನ್ನೂ ಕಾಲೇಜಿನಲ್ಲಿದ್ದ ಬಾಮೈದ ಹೊಸ ಭಾವನಿಗೆಂದು ತಾನೇ ಒಲೆ ಮುಂದೆ ನಿಂತು ಟೀ ಮಾಡಿ ತಂದಿದ್ದ. ಸುರ್ರಣ್ಣ ಲೋಟ ತೆಗೆದುಕೊಂಡ, ಸುರ್ರ್ ಎಂದು ಹೀರಿದ, ಹೀರಿದವನೇ ಅಭ್ಯಾಸಬಲದಿಂದ ಪಕ್ಕಕ್ಕೆ ತಿರುಗಿ ಪಿಚಕ್ಕನೆ ಉಗುಳಿದ. ಪಕ್ಕದಲ್ಲಿ ಪೀಕದಾನಿ ಇರಲಿಲ್ಲ. ಮಾವನವರ ಹೊಸ ಚಪ್ಪಲಿ ಇತ್ತು. ಅಷ್ಟಕ್ಕೇ ನಿಲ್ಲಿಸದೆ, "ಪುಡಿ ಹಳೇದು, ನೀರು ಎರಡು ಸಲ ಕುದಿದಿದೆ" ಅಂತ ವರದಿಯನ್ನೂ ಕೊಟ್ಟ. ಆ ದಿನ ಆ ಮನೆಯಲ್ಲಿ ಬಿದ್ದ ಮೌನ ಎಷ್ಟು ಗಟ್ಟಿಯಿತ್ತೆಂದರೆ ಅದರ ಮೇಲೆ ಬಟ್ಟೆ ಒಗೆಯಬಹುದಿತ್ತು.

ಬಾಮೈದ ಆಮೇಲೆ ಆ ಮಾತು ಎತ್ತಲೇ ಇಲ್ಲ. ಎತ್ತದೇ ಇದ್ದದ್ದೇ ಸುರ್ರಣ್ಣನಿಗೆ ಅನುಮಾನ. ಇಷ್ಟು ವರ್ಷ ಮನಸ್ಸಿನಲ್ಲೇ ಇಟ್ಟುಕೊಂಡವನು, ನಾನು ಬಾಯಿ ತೆರೆದು ಅವನ ಮುಂದೆ ಮಲಗುವ ದಿನಕ್ಕಾಗಿಯೇ ಡಾಕ್ಟರಾಗಿರಬೇಕು ಎಂದುಕೊಂಡಿದ್ದ.

ಹೆಂಡತಿ ಬಿಡಲಿಲ್ಲ. ಹೋಗಬೇಕಾಯಿತು.

ಕ್ಲಿನಿಕ್ಕಿನಲ್ಲಿ ಲವಂಗದ ಎಣ್ಣೆಯ ವಾಸನೆ. ಅದರ ಹಿಂದೆ ಸ್ಪಿರಿಟ್ಟು, ಅದರ ಹಿಂದೆ ಯಾರೋ ರೋಗಿ ಬಿಟ್ಟುಹೋದ ಭಯ, ಎಲ್ಲವೂ ಸುರ್ರಣ್ಣನ ಮೂಗಿಗೆ ಬೇರೆಬೇರೆಯಾಗಿ ಸಿಕ್ಕಿದವು. ಬಾಮೈದ ಪುಟ್ಟ ಕನ್ನಡಿ ಹಾಕಿ ನೋಡಿದ, ಗಾಳಿ ಊದಿದ. ಸುರ್ರಣ್ಣ ಕುರ್ಚಿಯಿಂದ ಒಂದು ಮೊಳ ಮೇಲೆದ್ದು ಸೂರಿನ ಫ್ಯಾನನ್ನು ಮುಟ್ಟಿ ವಾಪಸು ಬಂದ.

"ಭಾವ, ಇಲ್ಲಿ ವಸಡು ಇಳಿದಿದೆ," ಅಂದ ಬಾಮೈದ. "ಬೇರಿನ ಬುಡ ಕಾಣ್ತಿದೆ, ಅದಕ್ಕೇ ಜುಮ್ ಅನ್ನೋದು. ಬಿರುಕು ಇಲ್ಲ, ಹುಳುಕೂ ಇಲ್ಲ, ಅದು ಪುಣ್ಯ. ಈಗ ಏನ್ಮಾಡೋಣ ಅಂದ್ರೆ, ಮೊದಲು ಬರೀ ಕ್ಲೀನ್ ಮಾಡ್ತೀನಿ. ಟೀ ಕಲೆ ಮೇಲ್ಮೇಲಿಂದೇ. ಅರ್ಧಕ್ಕರ್ಧ ಅದರಲ್ಲೇ ಹೋಗುತ್ತೆ."

"ಆ ನೀಲಿ ಲೈಟು ಹಾಕಿ ಒಂದೇ ಸಲಕ್ಕೆ ಬೆಳ್ಳಗೆ ಮಾಡ್ತಾರಂತಲ್ಲ?"

"ಅದು ನಿಮ್ಮಂಥ ಹಲ್ಲಿಗಲ್ಲ ಭಾವ. ಅದಕ್ಕೆ ಹಾಕೋ ಮದ್ದು ಸ್ಟ್ರಾಂಗು."

"ಪಟ್ಟಿ ಬರುತ್ತಂತೆ, ಅಂಟಿಸ್ಕೊಳ್ಳೋದು?"

"ಅದೂ ಈಗ್ಲೇ ಬೇಡ."

"ಇದ್ದಿಲ ಪುಡಿ? ನಿಂಬೆಹಣ್ಣು, ಸೋಡಾ?"

"ಪಾತ್ರೆ ಉಜ್ಜೋಕೆ ಬೇಕಾದ್ರೆ ತಗೊಳ್ಳಿ. ಹಲ್ಲಿನ ಮೇಲ್ಪದರ ಒಂದು ಸಲ ಸವೆದ್ರೆ ಆಯ್ತು, ಅದು ಮತ್ತೆ ಚಿಗುರಲ್ಲ." ಬಾಮೈದ ಡ್ರಾಯರಿನಿಂದ ಒಂದು ಸಿರಿಂಜು ತೆಗೆದ. ಸೂಜಿ ಇಲ್ಲ, ಹೆಸರಿಲ್ಲ, ಲೇಬಲ್ ಇಲ್ಲ, ಮೇಲೊಂದು ನೀಲಿ ಚುಕ್ಕಿ ಅಷ್ಟೆ. "ಇದು ಜುಮ್ ಇಳಿಸೋ ಜೆಲ್ಲು. ದೊಡ್ಡ ಟ್ಯೂಬಿಂದ ನಾನೇ ತುಂಬಿ ಕೊಡ್ತೀನಿ. ದಿನಾ ಹಚ್ಚಿ, ಸ್ವಲ್ಪ ಹೊತ್ತು ಬಿಡಿ, ಉಗುಳಿ. ಎರಡು ವಾರ ಆಗ್ಲಿ. ಹಲ್ಲು ಸಮಾಧಾನಕ್ಕೆ ಬಂದ ಮೇಲೆ, ಬೇಕೇ ಬೇಕು ಅಂದ್ರೆ, ತುಂಬ ಸೌಮ್ಯವಾದ ಬಿಳಿ ಜೆಲ್ ದಿನ ಬಿಟ್ಟು ದಿನ ಹಚ್ಚೋಣ."

ಸುರ್ರಣ್ಣ ಆ ಸಿರಿಂಜನ್ನು ಹಾವಿನ ಮರಿ ಹಿಡಿದಂತೆ ಎರಡು ಬೆರಳಲ್ಲಿ ಹಿಡಿದುಕೊಂಡ. ಅವನ ತಲೆಯಲ್ಲಿ ಅನುಮಾನದ ಗಿರಣಿ ಶುರುವಾಯಿತು. ಅಂಗಡಿ ಇಟ್ಟವನು ದುಬಾರಿ ಮಾಲು ಬೇಡ ಅನ್ನುತ್ತಿದ್ದಾನೆ. ಲೋಕದಲ್ಲಿ ಎಲ್ಲಾದರೂ ಉಂಟೇ? ಕೇಳಿದ್ದಕ್ಕೆಲ್ಲ ಬೇಡ ಬೇಡ. ಕೊಟ್ಟದ್ದು ಮಾತ್ರ ಹೆಸರಿಲ್ಲದ್ದು. ಅದೂ ಬಿಳಿ ಮಾಡುವುದಿಲ್ಲವಂತೆ. ಎರಡು ವಾರ ಇದನ್ನು ಹಚ್ಚುತ್ತಾ ಕೂತರೆ ಫೋಟೊದ ದಿನ ಬಂದೇಬಿಡುತ್ತದೆ.

"ಕ್ಲೀನಿಂಗ್ ಆಮೇಲೆ ನೋಡೋಣಪ್ಪ," ಅಂದು ಎದ್ದ. ಕಲೆ ಕೆರೆಯುವ ಕೊಕ್ಕೆ ತನ್ನ ಹಲ್ಲಿನ ಮೇಲೆ ಆಡುವುದನ್ನು ನೆನೆದರೇ ಅವನಿಗೆ ಮೈ ಬೆವರಿತ್ತು.

ಮಾರನೇ ಬೆಳಿಗ್ಗೆಯಿಂದ ಸುರ್ರಣ್ಣನ ನಾಟಕ ಶುರು. ಬಾತ್‌ರೂಮಿನ ಬಾಗಿಲು ಹಾಕಿಕೊಂಡು, ನಲ್ಲಿ ಬಿಟ್ಟು, ಸಿರಿಂಜಿನಿಂದ ಒಂದು ಕಡಲೆಕಾಳಿನಷ್ಟು ಜೆಲ್ಲನ್ನು ಸಿಂಕಿಗೆ ಒತ್ತುತ್ತಿದ್ದ. ಒಂದೇ ಒಂದು ದಿನ ನಾಲಿಗೆಯ ತುದಿಗೆ ತಾಗಿಸಿ ನೋಡಿದ್ದ: ಮೊದಲು ಪುದೀನ, ಆಮೇಲೆ ಒಂಥರ ತಂಪು ಉಪ್ಪು, ಕೊನೆಯಲ್ಲಿ ಒದ್ದೆ ಗೋಡೆ ನೆಕ್ಕಿದಂತೆ. ಆ ರುಚಿಯನ್ನು ಅವನ ನಾಲಿಗೆ ತನ್ನ ಕಪಾಟಿನಲ್ಲಿ ಇಟ್ಟು ಬೀಗ ಹಾಕಿತು. ಮತ್ತೆ ತಾಗಿಸಲಿಲ್ಲ. ಸಿರಿಂಜು ಮಾತ್ರ ದಿನದಿನ ಖಾಲಿಯಾಗುತ್ತಾ ಬಂತು. ಹೆಂಡತಿ ಅದನ್ನು ಬೆಳಕಿಗೆ ಹಿಡಿದು ನೋಡಿ, "ಪರವಾಗಿಲ್ವೇ, ನಿಯತ್ತಾಗಿ ಹಚ್ತಿದೀರಿ," ಅನ್ನುತ್ತಿದ್ದಳು.

ಅವಳ ದನಿಯಲ್ಲೂ ಏನೋ ಇತ್ತು.

ಆ ವಾರವೇ ಇನ್ನೆರಡು ಸಂಗತಿ ನಡೆದು ಅವನ ಅನುಮಾನಕ್ಕೆ ಕೋಡು ಮೂಡಿಸಿದವು. ಒಂದು ಸಂಜೆ ಕೆಲಸದಿಂದ ಬರುವಾಗ ಎದುರಿನ ಕಾಲುದಾರಿಯಿಂದ ನೋಡುತ್ತಾನೆ, ಬಾಮೈದನ ಕ್ಲಿನಿಕ್ಕಿನಿಂದ ಎಡಗೈಯಮ್ಮ ಇಳಿದು ಬರುತ್ತಿದ್ದಾಳೆ. ಕರವಸ್ತ್ರ ಬಾಯಿಗೆ ಅಡ್ಡ. ಇವನನ್ನು ಕಂಡಳೋ ಇಲ್ಲವೋ, ಸರ್ರನೆ ತಿರುಗಿ ಬಸ್‌ಸ್ಟಾಪಿನ ಗುಂಪಿನಲ್ಲಿ ಸೇರಿಹೋದಳು. ಎರಡನೆಯದು, ಮನೆಗೆ ಬಂದು ಚಪ್ಪಲಿ ಬಿಡುತ್ತಿರುವಾಗ ಒಳಗಿನಿಂದ ಹೆಂಡತಿ ಫೋನಿನಲ್ಲಿ ಆಡುತ್ತಿದ್ದ ಮಾತು: "ಇಲ್ಲ ಕಣೋ, ಅವರಿಗಿನ್ನೂ ಗೊತ್ತಿಲ್ಲ. ನಾನ್ಯಾಕೆ ಹೇಳ್ಲಿ? ಆಯ್ತು, ಬಾಯಿ ಬಿಡಲ್ಲ."

ಸುರ್ರಣ್ಣ ಚಪ್ಪಲಿ ಕೈಯಲ್ಲಿ ಹಿಡಿದೇ ನಿಂತ. ಹೆಂಡತಿ, ಬಾಮೈದ, ಎಡಗೈಯಮ್ಮ. ಮೂರು ಕಾಲಿನ ಒಲೆಯಂತೆ ಮೂವರೂ ಸೇರಿ ಅವನನ್ನು ಮೇಲಿಟ್ಟು ಕುದಿಸುತ್ತಿದ್ದಾರೆ. ನೀಲಿ ಚುಕ್ಕಿಯ ಸಿರಿಂಜಿನಲ್ಲಿರುವುದು ನಾಲಿಗೆ ಮರಗಟ್ಟಿಸುವ ಮದ್ದೇ ಇರಬೇಕು. ಸದ್ಯ, ಸಿಂಕಿಗೆ ಹಾಕಿದ್ದು ಒಳ್ಳೆಯದಾಯಿತು.

"ಯಾರ ಹತ್ರ ಮಾತು?" ಅಂದ.

"ತಮ್ಮನ ಹತ್ರ. ಯಾಕೆ, ಚಪ್ಪಲಿ ಯಾಕೆ ಕೈಯಲ್ಲಿ? ಯಾರಿಗೆ ಹೊಡೀಬೇಕು ಅಂತ?"

"ಇನ್ನೂ ತೀರ್ಮಾನ ಮಾಡಿಲ್ಲ."

ಹೀಗಾಗಿ ಯಾರನ್ನೂ ಕೇಳದೆ ತಾನೇ ಮದ್ದು ಆರಿಸಿಕೊಳ್ಳುವುದೆಂದು ಅವನು ಹೊರಟ. ಪರೀಕ್ಷೆಯ ಹಿಂದಿನ ಶನಿವಾರ, ಆಫೀಸಿಗೆ ರಜೆ. ರುಚಿ ಕೋಣೆಯ ಬೀಗದ ಕೈ ಅವನ ಹತ್ತಿರವಿತ್ತು. ಮಧ್ಯಾಹ್ನದ ಹೊತ್ತು ಒಂದು ಚೀಲ ಹೊತ್ತುಕೊಂಡು ಹೋದ. ಚೀಲದಲ್ಲಿ ಇದ್ದಿಲ ಪುಡಿ, ನಿಂಬೆಹಣ್ಣು, ಅಡುಗೆ ಸೋಡಾ, ಅಂಗಡಿಯಲ್ಲಿ ಕೊಂಡ ಅಂಟಿಸುವ ಪಟ್ಟಿ, ಮತ್ತೆ ಬ್ಯೂಟಿ ಪಾರ್ಲರಿನವಳು ಕೊಟ್ಟ ಒಂದು ಟ್ಯೂಬು. ಆ ಟ್ಯೂಬಿನ ಮೇಲೆ ಅಕ್ಷರಗಳು ಎಷ್ಟಿದ್ದವೆಂದರೆ ಓದಿ ಮುಗಿಸುವಷ್ಟರಲ್ಲಿ ಹೊಸ ಹಲ್ಲೇ ಬರಬಹುದಿತ್ತು. ಅದನ್ನು ನೋಡಿಯೇ ಸುರ್ರಣ್ಣನಿಗೆ ನಂಬಿಕೆ ಬಂದದ್ದು. ಮುಚ್ಚುಮರೆ ಇಲ್ಲ, ಎಲ್ಲ ಬರೆದಿದ್ದಾರೆ.

ರುಚಿ ಕೋಣೆಯಲ್ಲಿ ಉದ್ದನೆಯ ಬಿಳಿ ಕಟ್ಟೆ, ಅದರ ಮೇಲೆ ಬಿಳಿ ಪಿಂಗಾಣಿಯ ಕಪ್ಪುಗಳು, ಮುಚ್ಚಳದ ಪುಟ್ಟ ಕೆಟ್ಲಿಗಳು, ತಕ್ಕಡಿ, ಮರಳು ಗಡಿಯಾರ. ಕಿಟಕಿ ಉತ್ತರಕ್ಕೆ, ನೆರಳಿಲ್ಲದ ಸಮ ಬೆಳಕು. ಇಲ್ಲಿ ಬಂದ ಮಾಲು ಯಾವುದೇ ಇರಲಿ, ಅದಕ್ಕೆ ಒಂದೇ ನ್ಯಾಯ: ಒಂದೇ ತೂಕ, ಒಂದೇ ನೀರು, ಒಂದೇ ಹೊತ್ತು, ಪಕ್ಕಪಕ್ಕದಲ್ಲಿ ಇಟ್ಟು ಹೋಲಿಸಬೇಕು. ಸುರ್ರಣ್ಣ ಬೇರೆ ನ್ಯಾಯ ಕಲಿತವನೇ ಅಲ್ಲ. ಹಲ್ಲಿನ ಮದ್ದುಗಳನ್ನೂ ಅದೇ ನ್ಯಾಯಕ್ಕೆ ನಿಲ್ಲಿಸಿದ. ಪಕ್ಕಪಕ್ಕದಲ್ಲಿ ಇಡಬೇಕೆಂದರೆ ಇರುವುದು ಒಂದೇ ಬಾಯಿ. ಹಾಗಾಗಿ ಬಾಯನ್ನೇ ನಾಲ್ಕು ಪಾಲು ಮಾಡಿದ. ಮೇಲಿನ ಬಲಕ್ಕೆ ನಿಂಬೆರಸ ಸೋಡಾ. ಮೇಲಿನ ಎಡಕ್ಕೆ ಇದ್ದಿಲು, ಬಿರುಸು ಬ್ರಷ್ಷಿನಲ್ಲಿ ಗಸಗಸ. ಕೆಳಗಿನ ಬಲಕ್ಕೆ ಪಟ್ಟಿ. ಕೆಳಗಿನ ಎಡಕ್ಕೆ ಪಾರ್ಲರಿನ ಟ್ಯೂಬು. ಮರಳು ಗಡಿಯಾರ ಮಗುಚಿಟ್ಟು ಬಾಯಿ ತೆರೆದುಕೊಂಡು ಕೂತ. ಮರಳು ಮುಗಿದಾಗ, ಏನೂ ಆಗಲಿಲ್ಲವಲ್ಲ ಎಂದು ಇನ್ನೊಂದು ಸಲ ಮಗುಚಿದ. ಆಮೇಲೆ ಮತ್ತೊಂದು ಸಲ.

ಬಾಯಿ ತೊಳೆದು ಕೈಗನ್ನಡಿಯಲ್ಲಿ ನೋಡಿದ. ಕೆಳಗಿನ ಎಡ ತುಸು ಬೆಳ್ಳಗಾಗಿತ್ತು. ಉಳಿದದ್ದು ಚೌಕಾಬಾರದ ಮಣೆಯಂತಿತ್ತು. ಗೆದ್ದೆ ಎಂದುಕೊಂಡ. ಕೊನೆಯ ಪರೀಕ್ಷೆಗಾಗಿ ಬಿಸಿ ಬಿಸಿ ಟೀ ಸುರಿದು, ಚಮಚ ಎತ್ತಿ, ಎಂದಿನಂತೆ ಎದೆಯ ತುಂಬ ಉಸಿರೆಳೆದು ಹೀರಿದ. ಸುರ್

ಇನ್ನೊಂದು 'ರ್' ಬರಲೇ ಇಲ್ಲ. ಹಲ್ಲುಗಳ ಬುಡದಲ್ಲಿ ಎಷ್ಟು ಮಿಂಚು ಹೊಡೆಯಿತೆಂದರೆ ಆ ಕ್ಷಣ ಅವನ ಬಾಯಿಗೆ ತಂತಿ ಸಿಕ್ಕಿಸಿದ್ದರೆ ಇಡೀ ಬೀದಿಗೆ ದೀಪ ಹತ್ತುತ್ತಿತ್ತು. ಚಮಚ ಒಂದು ಕಡೆ, ಕಪ್ಪು ಒಂದು ಕಡೆ, ಸುರ್ರಣ್ಣ ಕಟ್ಟೆಯ ಕೆಳಗೆ. ಉಸಿರೆಳೆದರೆ ಗಾಳಿ ಚುಚ್ಚುತ್ತದೆ, ಬಾಯಿ ಮುಚ್ಚಿದರೆ ನಾಲಿಗೆ ತಾಗಿ ಉರಿಯುತ್ತದೆ. ಕಣ್ಣಲ್ಲಿ ನೀರು ಸುರಿಯುತ್ತಿರುವಾಗ ಬಾಗಿಲು ತೆರೆಯಿತು.

ಎಡಗೈಯಮ್ಮ ನಿಂತಿದ್ದಳು. "ಚಮಚ ಮರೆತು ಹೋಗಿದ್ದೆ," ಅಂದಳು. ಟೇಸ್ಟರುಗಳಿಗೆ ತಮ್ಮ ತಮ್ಮ ಚಮಚ ಜೀವವಿದ್ದಂತೆ, ಅದು ಅವನಿಗೂ ಗೊತ್ತು. ಆದರೂ ಅವನು ನಂಬಲಿಲ್ಲ. ಅವಳು ಕಟ್ಟೆಯ ಮೇಲಿನ ನಿಂಬೆಸಿಪ್ಪೆ, ಕರಿ ಬ್ರಷ್ಷು, ಟ್ಯೂಬು ಎಲ್ಲವನ್ನೂ ಒಂದು ಸುತ್ತು ನೋಡಿದಳು.

"ಏನು ಸುರ್ರಣ್ಣ, ಪಾಲು ಹಂಚಿದ ಹಾಗಿದೆ? ಬಾಯೊಳಗೆ ದಾಯಾದಿಗಳು ಇದಾರಾ?"

"ದೀನು ಬಂದಿದ್ದು ಸಂತೋಷ ಪಡೋಕಾ?" ಅಂದ. ಹಲ್ಲು ತಾಗದಂತೆ ಮಾತಾಡಿದ್ದರಿಂದ 'ನೀನು' ಬಾಯಿಂದ ಹೊರಡುವಾಗ ದಾರಿ ತಪ್ಪಿತ್ತು.

ಅವಳು ಚೀಲಕ್ಕೆ ಕೈ ಹಾಕಿ ಒಂದು ಸಿರಿಂಜು ತೆಗೆದಳು. ಸೂಜಿ ಇಲ್ಲ, ಹೆಸರಿಲ್ಲ, ಮೇಲೊಂದು ನೀಲಿ ಚುಕ್ಕಿ.

ಸುರ್ರಣ್ಣ ನೋವಿನಲ್ಲೂ ಎದ್ದು ಕೂತ. ಸಿಕ್ಕಿಬಿದ್ದಳು. "ಇದು ನಿನ್ನ ಹತ್ರ ಹೇಗೆ ಬಂತು?"

"ನಿಮ್ಮ ಬಾಮೈದನೇ ಕೊಟ್ಟಿದ್ದು. ಅಲ್ಲಿಗೆ ಹೋಗ್ತಿದೀನಿ, ಎರಡು ತಿಂಗಳಾಯ್ತು. ನಿಮ್ಮ ಮನೆಯವರು ಒಂದಿನ ಅಲ್ಲೇ ಕೂತಿದ್ರು. ಸುರ್ರಣ್ಣಂಗೆ ಹೇಳ್ಬೇಡಿ ಅಕ್ಕ ಅಂತ ನಾನೇ ಕೈ ಹಿಡ್ಕೊಂಡೆ. ಗೊತ್ತಾದ್ರೆ ನೀವು ಕಪ್ಪಿನ ಬಿಸಿ ಹೆಚ್ಚಿಸಿ ನನ್ನ ಸುಡ್ತೀರಿ ಅಂತ ಭಯ."

ಇಷ್ಟೆಯೋ? 'ಅವರಿಗಿನ್ನೂ ಗೊತ್ತಿಲ್ಲ' ಅಂದದ್ದು ಇದನ್ನೋ? ಸುರ್ರಣ್ಣನಿಗೆ ಒಂದು ಕ್ಷಣ ಅವಮಾನವೇ ಆಯಿತು. ಇಷ್ಟು ದಿನ ಹೊಟ್ಟೆಯಲ್ಲಿ ಸಾಕಿದ ದೊಡ್ಡ ಸಂಚು ಇಷ್ಟು ಸಣ್ಣದಾಗಿ ಹೊರಬೀಳುವುದೆಂದರೆ.

"ನಿಂಗೂ ಜುಮ್ ಅನ್ನುತ್ತಾ?"

ಅವಳು ಕಿಟಕಿಯ ಕಡೆ ತಿರುಗಿ ಬಾಯಿ ತೆರೆದು ತೋರಿಸಿದಳು. ಉತ್ತರದ ಬೆಳಕು ಹಲ್ಲುಗಳ ಮೇಲೆ ಬಿತ್ತು. ಅದೇ ಚಿಲಕದ ಕಂದು. ಮೇಲಿನ ಸಾಲು ಮಾತ್ರ ಕ್ಲೀನಿಂಗ್ ಆಗಿ ತಿಳಿಯಾಗಿತ್ತು. ಇಷ್ಟು ವರ್ಷ ಎದುರು ಬದುರು ಹೀರಿ ಉಗುಳಿದ್ದಾರೆ, ಆದರೆ ಇವಳ ಹಲ್ಲನ್ನು ಅವನು ಇಂದೇ ಮೊದಲು ನೋಡಿದ್ದು. ಇವಳು ಎಂದೂ ನಗದೇ ಇದ್ದದ್ದು ಯಾಕೆ, ಸದ್ದಿಲ್ಲದೆ ಹೀರುತ್ತಿದ್ದದ್ದು ಯಾಕೆ ಎನ್ನುವುದೆಲ್ಲ ಒಟ್ಟಿಗೇ ಹೊಳೆಯಿತು. ಜೋರಾಗಿ ಗಾಳಿ ಎಳೆದರೆ ಅವಳಿಗೂ ಚುಚ್ಚುತ್ತದೆ.

"ತಗೊಳ್ಳಿ, ಹಚ್ಕೊಳ್ಳಿ. ಪೂರ್ತಿ ಹೋಗಲ್ಲ, ಆದ್ರೆ ಸೋಮವಾರದ ಹೊತ್ತಿಗೆ ಬಾಯಿ ತೆರೆಯೋ ಹಾಗಾಗಬಹುದು."

ಸುರ್ರಣ್ಣ ಕೈ ಚಾಚಿದ. ಅರ್ಧಕ್ಕೇ ನಿಲ್ಲಿಸಿದ. ಸೋಮವಾರ ಕುರ್ಚಿಯ ಪರೀಕ್ಷೆ. ಎದುರಾಳಿ ತಾನಾಗಿ ಬಂದು ಹೆಸರಿಲ್ಲದ ಮದ್ದು ಕೊಡುತ್ತಿದ್ದಾಳೆ. "ಲೇಬಲ್ ಎಲ್ಲಿ?" ಅಂದ.

ಎಡಗೈಯಮ್ಮ ಕಟ್ಟೆಯ ಮೇಲಿದ್ದ ಕಪ್ಪುಗಳ ಸಾಲನ್ನು ತೋರಿಸಿದಳು. "ಇಷ್ಟು ವರ್ಷ ಲೇಬಲ್ ನೋಡ್ಕೊಂಡು ಟೀ ಕುಡಿದ್ರಾ? ಯಾರ್ಯಾರೋ ತಂದಿಟ್ಟ, ಹೆಸರೇ ಇಲ್ದಿರೋ ಕಪ್ಪನ್ನ ಬಾಯಿಗೆ ಹಾಕ್ಕೊಳ್ಳೋದೇ ನಮ್ಮ ಕೆಲಸ ಅಲ್ವಾ?"

"ಮೊದಲು ನೀನು ಹಚ್ಕೋ."

"ಅಯ್ಯೋ ದೇವರೇ," ಅಂದು ಅವಳು ನಿಜವಾಗಿಯೂ ಬೆರಳ ತುದಿಗೆ ಹಾಕಿಕೊಂಡು ತನ್ನ ಹಲ್ಲಿಗೆ ಹಚ್ಚಿದಳು. ಆಮೇಲೆ ಸಿರಿಂಜನ್ನು ಅವನತ್ತ ನೀಡಿದಳು.

ಅವನು ನಾಲಿಗೆಯ ತುದಿಗೆ ತಾಗಿಸಿದ. ನಾಲಿಗೆ ತನ್ನ ಕಪಾಟಿನ ಬೀಗ ತೆಗೆಯಿತು: ಪುದೀನ, ತಂಪು ಉಪ್ಪು, ಒದ್ದೆ ಗೋಡೆ. ಅದೇ ಮಾಲು, ಅದೇ ಕೈ ತುಂಬಿದ್ದು. ಸಿಂಕಿಗೆ ಸುರಿದದ್ದೂ ಇದನ್ನೇ. ಅವನು ನಾಲ್ಕೂ ಪಾಲಿಗೆ ಸಮವಾಗಿ ಹಚ್ಚಿಕೊಂಡ. ಕಟ್ಟೆಯ ಆ ತುದಿಯಲ್ಲಿ ಅವಳು, ಈ ತುದಿಯಲ್ಲಿ ಅವನು, ಬಾಯಿ ತೆರೆದುಕೊಂಡು ಮರಳು ಇಳಿಯುವುದನ್ನು ನೋಡುತ್ತಾ ಕೂತರು. ಯಾರಾದರೂ ಬಂದಿದ್ದರೆ ಇಬ್ಬರಿಗೂ ಗಾಳಿ ಸೋಕಿದೆ ಅಂದುಕೊಳ್ಳುತ್ತಿದ್ದರು.

ಮನೆಯಲ್ಲಿ ಹೆಂಡತಿ ಅವನ ಊದಿದ ತುಟಿ ನೋಡಿದಳು. ತಟ್ಟೆಗೆ ಮೆತ್ತಗಿನ ಅನ್ನ ಬಡಿಸಿ, ನೀರನ್ನು ಉಗುರುಬೆಚ್ಚಗೆ ಮಾಡಿ ಇಟ್ಟಳು. ಅವನು ಉಂಡು ಕೈ ತೊಳೆಯಲು ಎದ್ದಾಗ ಅಂದಳು: "ಬಾತ್‌ರೂಮಿನ ಸಿಂಕಿನಲ್ಲೇ ತೊಳೀರಿ. ಅದಕ್ಕೆ ಈಗ ಬಿಸಿ ನೀರು ತಣ್ಣೀರು ಯಾವುದು ಹಾಕಿದ್ರೂ ಜುಮ್ ಅನ್ನಲ್ಲ."

"ನಿಂಗೆ ಮೊದಲೇ ಗೊತ್ತಿತ್ತಾ?"

"ಪುದೀನ ವಾಸನೆ ಸಿಂಕಿನಿಂದ ಬರ್ತಿತ್ತು, ನಿಮ್ಮ ಬಾಯಿಂದ ಬರ್ತಿರಲಿಲ್ಲ. ಮೂಗು ನಿಮಗೊಬ್ಬರಿಗೇ ಅಂದ್ಕೊಂಡಿದ್ರಾ?"

"ಗೊತ್ತಿದ್ರೆ ಯಾಕೆ ಹೇಳ್ಲಿಲ್ಲ?"

"ಹೇಳಿದ್ರೆ ನನ್ನ ಮೇಲೂ ಅನುಮಾನ ಪಡ್ತಿದ್ರಿ."

ಆಗಲೇ ಪಟ್ಟಿದ್ದೆ ಎಂದು ಹೇಳುವ ಧೈರ್ಯ ಅವನಿಗೆ ಬರಲಿಲ್ಲ.

ಸೋಮವಾರ ಬಂತು. ಕಟ್ಟೆಯ ಮೇಲೆ ಕಪ್ಪುಗಳ ಸಾಲು, ಹಬೆಯಾಡುತ್ತಿದೆ. ಧಣಿ ಒಂದು ಕಡೆ, ನಿವೃತ್ತರಾಗುವ ಹಿರಿಯರು ಇನ್ನೊಂದು ಕಡೆ, ಮೂಲೆಯಲ್ಲಿ ಛತ್ರಿಯಂಥ ದೀಪ ಹೂಡಿಕೊಂಡು ಫೋಟೊದವನು. ಎಡಗೈಯಮ್ಮ ತನ್ನ ಸಾಲಿನಲ್ಲಿ ಎಂದಿನಂತೆ ಸದ್ದಿಲ್ಲದೆ ಹೀರುತ್ತಾ, ಉಗುಳುತ್ತಾ, ಪಿಸುದನಿಯಲ್ಲಿ ಹೆಸರು ಹೇಳುತ್ತಾ ಹೋದಳು. ಸುರ್ರಣ್ಣ ಚಮಚ ಎತ್ತಿದ. ಜನ ಕಿವಿ ಮುಚ್ಚಿಕೊಳ್ಳಲು ತಯಾರಾದರು. ಸದ್ದು ಬರಲಿಲ್ಲ. ಅವನು ತುಟಿಯನ್ನು ಕೊಳವೆಯಂತೆ ಮಾಡಿ, ಹಲ್ಲಿಗೆ ತಾಗದ ಹಾಗೆ ಒಂದೊಂದೇ ಹನಿಯನ್ನು ನಾಲಿಗೆಗೆ ಬಿಟ್ಟುಕೊಳ್ಳುತ್ತಿದ್ದ. ಮೊದಲನೇ ಕಪ್ಪು ಸರಿ. ಎರಡನೆಯದೂ ಸರಿ. ಹಾಗೇ ಮುಕ್ಕಾಲು ಸಾಲು ದಾಟಿದ. ಕೊನೆಕೊನೆಗೆ ಒಂದು ಕಪ್ಪು ಬಂತು. ಬಣ್ಣ ನೋಡಿದರೆ ಒಂದು ಹೆಸರು ಹೊಳೆಯುತ್ತದೆ, ಪರಿಮಳ ನೋಡಿದರೆ ಇನ್ನೊಂದು. ಇಂಥ ಕಪ್ಪಿನ ಗುಟ್ಟು ಗೊತ್ತಾಗಬೇಕಾದರೆ ಹನಿ ಸಾಲದು, ಗಾಳಿಯ ಜೊತೆ ಎಳೆದು ಬಾಯೆಲ್ಲ ತುಂತುರು ಮಾಡಬೇಕು. ಒಂದೇ ಒಂದು ಒಳ್ಳೆಯ ಸುರ್ರ್ ಸಾಕು.

ಅವನು ಉಸಿರೆಳೆದ. ಗಾಳಿ ಹಲ್ಲಿಗೆ ತಾಗಿದ್ದೇ ಕಣ್ಣು ಕತ್ತಲೆ ಬಂತು. ಚಮಚ ಕೆಳಗಿಟ್ಟ.

"ಗೊತ್ತಾಗ್ತಿಲ್ಲ," ಅಂದ ಸುರ್ರಣ್ಣ.

ಈ ಮಾತು ಅವನ ಬಾಯಿಂದ ಅದೇ ಮೊದಲು ಬಂದದ್ದು. ಮೂರು ಬೀದಿಯಾಚೆಯ ನಾಯಿಯೂ ಬೆಚ್ಚಿ ಊಳಿಟ್ಟಿತಂತೆ. ಅದು ಊದಿ ಹೇಳಿದ್ದಾದರೂ ಇಷ್ಟು ಮಾತ್ರ ಖಂಡಿತ: ಎಡಗೈಯಮ್ಮ ಆ ಕಪ್ಪನ್ನು ಗುರುತು ಹಿಡಿದಳು, ಕುರ್ಚಿ ಅವಳದಾಯಿತು.

ಫೋಟೊದವನು ನಗಿ ನಗಿ ಎಂದು ಎಷ್ಟು ಗೋಗರೆದರೂ ಅವಳು ತುಟಿ ಬಿಚ್ಚದೆ ನಕ್ಕಳು. ಈಗಲೂ ಆ ಡಬ್ಬದ ಮೇಲೆ ಇರುವುದು ಅದೇ ಮುಖ, ಏನೋ ಗುಟ್ಟು ಬಚ್ಚಿಟ್ಟುಕೊಂಡವಳಂತೆ. ಮಾರನೇ ದಿನ ಎತ್ತರದ ಕುರ್ಚಿಯಲ್ಲಿ ಕೂತು ಅವಳು ಹೊರಡಿಸಿದ ಮೊದಲ ಅಪ್ಪಣೆ: ಇನ್ನು ಮುಂದೆ ಕಪ್ಪುಗಳು ಹಬೆ ಇಳಿದು ಉಗುರುಬೆಚ್ಚಗಾದ ಮೇಲೆಯೇ ರುಚಿ ನೋಡಬೇಕು. ಇದು ತನ್ನ ಹಲ್ಲಿಗಾಗಿಯೋ, ಅವಳ ಹಲ್ಲಿಗಾಗಿಯೋ, ಅಥವಾ ತನ್ನನ್ನು ಕನಿಕರದಲ್ಲಿ ಕಟ್ಟಿಹಾಕುವ ಹೊಸ ಸಂಚೋ ಎಂದು ಸುರ್ರಣ್ಣ ಇಡೀ ವಾರ ತಲೆ ಕೆಡಿಸಿಕೊಂಡ. ಉತ್ತರ ಸಿಗದಿದ್ದರೂ ಉಗುರುಬೆಚ್ಚಗಿನ ಟೀ ಹಲ್ಲಿಗೆ ಹಿತವಾಗಿತ್ತು. ಅದನ್ನಂತೂ ಅಲ್ಲಗಳೆಯಲಾಗಲಿಲ್ಲ.

ಹಲ್ಲಿನ ಉರಿ ಆರಿ, ಹೊಸ ಸಿರಿಂಜೊಂದು ಈ ಸಲ ಬಾಯಲ್ಲೇ ಖಾಲಿಯಾದ ಮೇಲೆ, ಒಂದು ಭಾನುವಾರ ಅವನು ತಾನಾಗಿಯೇ ಬಾಮೈದನ ಕ್ಲಿನಿಕ್ಕಿಗೆ ಹೋದ. ಹೆಂಡತಿಯೂ ಜೊತೆಗೆ ಬಂದಳು, ನಡುದಾರಿಯಲ್ಲಿ ಮನಸ್ಸು ಬದಲಾಯಿಸಿಯಾನು ಎಂದು. ಬಾಮೈದ ಕೊಕ್ಕೆ ಮುಟ್ಟಿಸಿದಾಗ ಅವನು ಕಣ್ಣು ಮುಚ್ಚಿದ. ಫ್ಯಾನಿನವರೆಗೆ ಹಾರಲಿಲ್ಲ. ಮುಗಿದ ಮೇಲೆ ಬಾಮೈದ ಕನ್ನಡಿ ಕೊಟ್ಟ. ಕಂದು ಬಣ್ಣದಲ್ಲಿ ಅರ್ಧಕ್ಕರ್ಧ ಹೋಗಿತ್ತು.

"ಇಷ್ಟೇನಾ?" ಅಂದ ಸುರ್ರಣ್ಣ.

"ಇಷ್ಟೇ. ಬಿಳಿ ಜೆಲ್ ಬೇಕಾದ್ರೆ ಇನ್ನೊಂದು ತಿಂಗಳು ಬಿಟ್ಟು ನೋಡೋಣ. ಆದ್ರೆ ಭಾವ, ಅದನ್ನ ಹಚ್ಚೋ ದಿನಗಳಲ್ಲಿ ಟೀ ಮುಟ್ಟೋ ಹಾಗಿಲ್ಲ."

"ಹಾಗಾದ್ರೆ ಬೇಡ ಬಿಡು. ನಂಗೆ ಇಷ್ಟು ಬಿಳಿ ಸಾಕು." ಅವನು ಇನ್ನೊಮ್ಮೆ ಕನ್ನಡಿ ನೋಡಿಕೊಂಡ. ಡಬ್ಬದ ಮೇಲೆ ಇನ್ನು ಬರುವುದಿಲ್ಲ ಎನ್ನುವುದು ನೆನಪಾಯಿತು. ಕನ್ನಡಿಯನ್ನು ಮಗುಚಿಟ್ಟ.

ಬಾಮೈದ ಒಳಕೋಣೆಗೆ ಹೋಗಿ ಮೂರು ಲೋಟ ಹಿಡಿದು ಬಂದ. "ಬಿಸಿ ಆರಿಸಿದೀನಿ," ಅಂದು ಒಂದನ್ನು ಭಾವನ ಕೈಗಿಟ್ಟ. ಟೀ. ಕ್ಲಿನಿಕ್ಕಿನ ಆ ದೊಡ್ಡ ಕುರ್ಚಿಗೆ ಅಂಟಿಕೊಂಡೇ ಉಗುಳುವ ಬಟ್ಟಲಿತ್ತು, ಬಿಳಿ ಪಿಂಗಾಣಿಯದು, ನೀರು ಸಣ್ಣಗೆ ಸುತ್ತುತ್ತಿತ್ತು. ಬಾಯಿ ತಿರುಗಿಸಿದರೆ ಸಾಕು, ಅಷ್ಟು ಹತ್ತಿರ. ಹೆಂಡತಿ ತನ್ನ ಲೋಟದ ಅಂಚಿನಿಂದ ಅವನನ್ನೇ ನೋಡುತ್ತಿದ್ದಳು. ಬಾಮೈದ ಏನೋ ಒರೆಸುವ ನೆಪದಲ್ಲಿ ಬೆನ್ನು ತಿರುಗಿಸಿ ನಿಂತಿದ್ದ.

ಸುರ್ರಣ್ಣ ಹೀರಿದ. ಮೆಲ್ಲಗೆ, ಸಣ್ಣದಾಗಿ, ಸುರ್ರ್. ಪುಡಿ ಅದೇ ಹಳೇದು. ನೀರು ಎರಡು ಸಲ ಕುದಿದಿತ್ತು, ಇಲ್ಲ, ಮೂರು. ಹಾಲು ನಿನ್ನೆಯದು. ಇಡೀ ಆಯುಷ್ಯದಲ್ಲಿ ಅವನ ನಾಲಿಗೆಯ ಮೇಲೆ ಇಷ್ಟು ಕೆಟ್ಟ ಟೀ ಒಂದೇ ಒಂದು ಸಲ ಹರಿದಿತ್ತು, ಮಾವನವರ ಮನೆಯಲ್ಲಿ. ಅವನ ಕುತ್ತಿಗೆ ತಾನಾಗಿಯೇ ಬಟ್ಟಲಿನ ಕಡೆ ತಿರುಗತೊಡಗಿತು. ಅರ್ಧ ತಿರುಗಿತು. ಅಲ್ಲೇ ನಿಂತಿತು. ಗಂಟಲಿನ ಗುಂಡು ಒಮ್ಮೆ ಮೇಲೆದ್ದು ಕೆಳಗಿಳಿಯಿತು.

ನುಂಗಿದ ಸದ್ದು ಕೇಳಿ ಬಾಮೈದ ಈ ಕಡೆ ತಿರುಗಿದ. "ಹೇಗಿದೆ ಭಾವ?"

ಸುರ್ರಣ್ಣ ಲೋಟದೊಳಗೆ ಇಣುಕಿ ನೋಡಿದ. "ಇದಕ್ಕೆ ಏನು ಹಾಕಿದೀಯ?"

"ಟೀ ಪುಡಿ. ಇನ್ನೇನು ಹಾಕ್ತಾರೆ?"

"ಹೌದಾ," ಅಂದ ಸುರ್ರಣ್ಣ. "ನಂಗೆ ಅನುಮಾನ ಇತ್ತು."

ಹೆಂಡತಿ ಸೆರಗು ಬಾಯಿಗೆ ಹಿಡಿದು ಕಿಟಕಿಯ ಕಡೆ ತಿರುಗಿದಳು. ಅವನು ಉಳಿದದ್ದನ್ನು ಒಂದೇ ಉಸಿರಿಗೆ ಕುಡಿದು, ಖಾಲಿ ಲೋಟವನ್ನು ಆ ಬಟ್ಟಲಿನ ಪಕ್ಕದಲ್ಲಿ ಇಟ್ಟ.